ಕೆಂಚನ ಪೆಟ್ಟಿಗೆ

ಫ್ರಾಂಕ್‌ಫರ್ಟ್
ಅಕ್ಟೋಬರ್ 12

ತೀರ್ಥರೂಪರಾದ ಅಪ್ಪನಿಗೂ ಮಾತೃಶ್ರೀಯವರಾದ ಅಮ್ಮನಿಗೂ ನಿಮ್ಮ ಮಗಳು ಮಾಡುವ ನಮಸ್ಕಾರಗಳು. ನಾನು ಕ್ಷೇಮ. ಫೋನಿನಲ್ಲಿ ಹೇಳಿದ್ದರಲ್ಲಿ ಅರ್ಧ ಮರೆತುಹೋಗುತ್ತದೆ, ಅದಕ್ಕೇ ಕಾಗದ ಬರೆಯುತ್ತಿದ್ದೇನೆ. ಓದಿದ ಮೇಲೆ ಅಡುಗೆಮನೆಯ ಕ್ಯಾಲೆಂಡರ್ ಮೊಳೆಗೆ ಸಿಕ್ಕಿಸಿಡಿ.

ನಾನು ಇಲ್ಲಿಗೆ ಕರೆತರಬೇಕೆಂದಿರುವ ನಮ್ಮ ನಾಯಿ ಕೆಂಚನ ರಕ್ತಪರೀಕ್ಷೆಯ ವರದಿ ನಿನ್ನೆ ಕೈಸೇರಿತು. ರೇಬೀಸ್ ಪ್ರತಿಕಾಯ, ಅಂದರೆ ಆ ರೋಗವನ್ನು ಎದುರಿಸಲು ರಕ್ತದಲ್ಲಿ ಹುಟ್ಟುವ ಅಂಶ, ಪ್ರತಿ ಮಿಲಿಲೀಟರಿಗೆ ಕನಿಷ್ಠ 0.5 ಯೂನಿಟ್ ಇರಬೇಕಿತ್ತು, ಅವನಿಗೆ ಅದಕ್ಕಿಂತ ಬಹಳ ಹೆಚ್ಚಿದೆ. ಓದಿ ಮುಗಿಸುವಾಗ ಕಣ್ಣು ತುಂಬಿ ಬಂತು. ಹಾಗಾದರೆ ಈಗಲೇ ಕರೆದುಕೊಂಡು ಹೋಗಬಾರದೇ ಎಂದು ಅಮ್ಮ ಕೇಳುತ್ತಾಳೆ. ಆಗುವುದಿಲ್ಲಮ್ಮ. ಭಾರತದಿಂದ ಯುರೋಪಿಯನ್ ಒಕ್ಕೂಟಕ್ಕೆ ಬರುವ ನಾಯಿ, ರಕ್ತ ತೆಗೆದ ದಿನದಿಂದ ಪೂರ್ತಿ ಮೂರು ತಿಂಗಳು ಕಾಯಬೇಕು. ಆ ರೋಗ ಮೈಯೊಳಗೆ ತಿಂಗಳುಗಟ್ಟಲೆ ಸುಳಿವು ಕೊಡದೆ ಅಡಗಿರಬಲ್ಲದು, ಗಡುವು ಅದಕ್ಕಾಗಿಯೇ. ರಕ್ತ ತೆಗೆದದ್ದು ಸೆಪ್ಟೆಂಬರ್ 28ಕ್ಕೆ. ನಾನು ಡಿಸೆಂಬರ್ ಕೊನೆಗೆ ಊರಿಗೆ ಬಂದು, ಜನವರಿ 6ರ ವಿಮಾನದಲ್ಲಿ ಅವನನ್ನು ಜೊತೆಗೇ ಕರೆತರುತ್ತೇನೆ.

ಅಪ್ಪ, ನಿಮಗೊಂದು ಕೆಲಸ. ಚರ್ಮದಡಿ ಗುರುತಿನ ಮೈಕ್ರೋಚಿಪ್ ಹಾಕಿದ ಮೇಲೆ ರೇಬೀಸ್ ಚುಚ್ಚುಮದ್ದು ಕೊಡಬೇಕಾದದ್ದು. ಮೊದಲು ಹೋದ ಕಡೆ ಅದನ್ನು ಹಿಂದುಮುಂದು ಮಾಡಿದ್ದರಿಂದ ಆ ಚುಚ್ಚುಮದ್ದು ಲೆಕ್ಕಕ್ಕೇ ಬರಲಿಲ್ಲ. ಆ ಮೂಕಪ್ರಾಣಿಗೆ ಎರಡನೆಯ ಸಲ ಸೂಜಿ ಚುಚ್ಚಿಸಬೇಕಾಯಿತಲ್ಲ ಎಂಬ ಸಿಟ್ಟು ನನಗಿನ್ನೂ ಇಳಿದಿಲ್ಲ. ಇನ್ನೊಂದು ತಪ್ಪಾಗುವುದು ಬೇಡ. ಚಿಪ್‌ನ ಸಂಖ್ಯೆ 15 ಅಂಕಿಗಳದ್ದು. ಲಸಿಕೆ ಪುಸ್ತಕ, ಪ್ರಯೋಗಾಲಯದ ವರದಿ, ಚಿಪ್‌ನ ಚೀಟಿ ಮೂರನ್ನೂ ಎದುರಿಗಿಟ್ಟುಕೊಂಡು, ತಾಲ್ಲೂಕು ಕಚೇರಿಯಲ್ಲಿ ಪಹಣಿಯ ಸರ್ವೆ ನಂಬರ್ ತಾಳೆ ನೋಡುತ್ತಿದ್ದ ಹಾಗೆ ಒಂದೊಂದೇ ಅಂಕಿಯ ಮೇಲೆ ಬೆರಳಿಟ್ಟು ನೋಡಿ. ವರದಿಯ ಪ್ರತಿಯನ್ನು ತಮ್ಮನ ಮೊಬೈಲಿಗೆ ಕಳುಹಿಸಿದ್ದೇನೆ. ಆರೋಗ್ಯ ಪ್ರಮಾಣಪತ್ರ ಸರ್ಕಾರಿ ಪಶುವೈದ್ಯರು ಸಹಿ ಮಾಡಿದ 10 ದಿನಗಳೊಳಗೆ ಇಲ್ಲಿಗೆ ತಲುಪಬೇಕು, ಹಾಗಾಗಿ ಅದು ಕಡೆಯ ವಾರದ ಕೆಲಸ. ಬೆಂಗಳೂರಿನ ಪ್ರಾಣಿ ಕ್ವಾರಂಟೈನ್ ಕಚೇರಿಯ ಓಡಾಟ ನನಗಿರಲಿ.

ಕಾಗದಪತ್ರ ಹೇಗಾದರೂ ಆಗುತ್ತದೆ. ನನ್ನ ಚಿಂತೆಯೆಲ್ಲ ಅವನು ವಿಮಾನದಲ್ಲಿ ಬರಬೇಕಾದ ಪೆಟ್ಟಿಗೆಯದು. ಈ ವಾರ ತಮ್ಮ ತರುತ್ತಾನೆ. ಅದಕ್ಕೆ ಮುಂಚೆ ಟೇಪಿನಿಂದ ಕೆಂಚನ ಅಳತೆ ತೆಗೆದು ತಮ್ಮನಿಗೆ ಹೇಳಿ: ಮೂಗಿನ ತುದಿಯಿಂದ ಬಾಲದ ಬುಡದವರೆಗೆ, ನೆಲದಿಂದ ಮುಂಗಾಲಿನ ಮೊಣಕೈವರೆಗೆ, ನಿಂತಾಗ ನೆಲದಿಂದ ಕಿವಿಯ ತುದಿಯವರೆಗೆ, ಹೆಗಲಿನ ಅಗಲ. ಮೊದಲನೆಯದಕ್ಕೆ ಎರಡನೆಯದರ ಅರ್ಧ ಕೂಡಿಸಿದರೆ ಪೆಟ್ಟಿಗೆಯ ಉದ್ದ, ಹೆಗಲಿನ ಅಗಲದ ಎರಡರಷ್ಟು ಪೆಟ್ಟಿಗೆಯ ಅಗಲ. ಅವನು ಕಿವಿ ತಾಗದಂತೆ ನಿಂತು, ಸುತ್ತು ತಿರುಗಿ, ಕಾಲು ಚಾಚಿ ಮಲಗುವಂತಿರಬೇಕು.

ಪೆಟ್ಟಿಗೆ ಬಂದ ಕೂಡಲೇ ಅವನನ್ನು ಒಳಗೆ ತಳ್ಳಬೇಡಿ. ಬಾಗಿಲು ಕಳಚಿ, ಬಚ್ಚಲೊಲೆಯ ಪಕ್ಕ ಅವನು ಬೂದಿ ಕೆದರಿ ಮಲಗುವ ಮೂಲೆಯಲ್ಲೇ ಇಡಿ. ಅಮ್ಮ, ನಿನ್ನ ಹಳೆಯ ಹತ್ತಿ ಸೀರೆಯನ್ನು ಒಗೆಯದೆ, ನಿನ್ನ ಮೈಯ ವಾಸನೆ ಇರುವ ಹಾಗೆಯೇ ಒಳಗೆ ಹಾಸು. ರಾತ್ರಿಯ ಅನ್ನ ಅದರೊಳಗೇ ಹಾಕು. ಮೊದಲ ದಿನ ಮುಂಗಾಲು ಮಾತ್ರ ಒಳಗಿಟ್ಟು, ಹಿಂಗಾಲು ಹೊರಗೆ ಬಿಟ್ಟು, ಕತ್ತು ಚಾಚಿ ತಿನ್ನುತ್ತಾನೆ. ಹಾಗೆಯೇ ತಿನ್ನಲಿ. ತಾನಾಗಿ ಹೋಗಿ ಮಲಗಲು ಶುರುಮಾಡಿದ ಮೇಲೆ ಬಾಗಿಲು ಜೋಡಿಸಿ, ಐದು ನಿಮಿಷ ಹಾಕಿ ತೆಗೆಯಿರಿ. ಆಮೇಲೆ ಅರ್ಧ ಗಂಟೆ, ಒಂದು ಗಂಟೆ. ನೇರ ವಿಮಾನವೇ ಹತ್ತು ಗಂಟೆಯದು. ನಾನು ಮೇಲೆ ಕುಳಿತಿರುತ್ತೇನೆ, ಅವನು ಕೆಳಗಿನ ಕತ್ತಲಲ್ಲಿ ಒಬ್ಬನೇ. ಅಷ್ಟು ಹೊತ್ತು ಅವನಿಗೆ ಮನೆಯೆಂದರೆ ಆ ಪೆಟ್ಟಿಗೆ ಮಾತ್ರ.

ನಡುವೆ ಕಾರಿನಲ್ಲಿ ಪೆಟ್ಟಿಗೆಯೊಂದಿಗೆ ಮಂಡಗದ್ದೆಯವರೆಗೆ ಒಂದೆರಡು ಸಲ ಹೋಗಿ ಬನ್ನಿ, ತಿರುವುಗಳಲ್ಲಿ ವಾಂತಿಯಾಗುತ್ತದೆಯೇ ತಿಳಿಯುತ್ತದೆ. ಹೊಟ್ಟೆ ತುಂಬ ಹಾಕಿ ಹೊರಡಬೇಡಿ. ಚಹಾಕ್ಕೆ ಇಳಿದರೂ ಅವನನ್ನು ಮುಚ್ಚಿದ ಕಾರಿನಲ್ಲಿ ಬಿಡಬೇಡಿ.

ಪಕ್ಕದ ಮನೆಯವರು ನಿದ್ರೆಮಾತ್ರೆ ಕೊಟ್ಟು ಕಳುಹಿಸಿ ಎಂದದ್ದನ್ನು ಅಮ್ಮ ಹೇಳಿದಳು. ದಯವಿಟ್ಟು ಬೇಡ. ಆ ಔಷಧಿ ಆಕಾಶದಲ್ಲಿ ರಕ್ತದೊತ್ತಡ ಇಳಿಸಿ ಉಸಿರಾಟಕ್ಕೇ ತೊಂದರೆ ಮಾಡಬಹುದು. ಮಂಪರಿನಲ್ಲಿರುವ ನಾಯಿ ಅಲುಗಾಟಕ್ಕೆ ಸಾವರಿಸಿಕೊಳ್ಳಲೂ ಆಗದು. ಹೆದರಿದರೂ ಅವನು ಎಚ್ಚರವಾಗಿರಲಿ.

ನೀವು ತಮ್ಮನ ಮನೆಗೆ ಹೋಗುವುದು ನಿಶ್ಚಯವಾದಾಗ, ನಾಯಿಯನ್ನು ತೋಟದಲ್ಲೇ ಬಿಟ್ಟರಾಯಿತು ಎಂದವರು ಎಷ್ಟು ಜನ! ಒಂಬತ್ತು ವರ್ಷ ನಮ್ಮ ಹೊಸ್ತಿಲು ಕಾದವನನ್ನು ಬಿಟ್ಟು ಬರಲು ನನಗೆ ಮನಸ್ಸಿಲ್ಲ. ಇಲ್ಲಿ ಜನವರಿಯ ಚಳಿ ಕಡುವಾದದ್ದು, ಬಚ್ಚಲೊಲೆಯೂ ಇಲ್ಲ. ಹೀಟರ್ ಪಕ್ಕದ ಕಪಾಟು ಸರಿಸಿ ಅವನಿಗೆ ಜಾಗ ಮಾಡಿದ್ದೇನೆ. ಪೆಟ್ಟಿಗೆ ಅಲ್ಲಿಯೇ ಇರುತ್ತದೆ, ಸೀರೆಯ ಸಮೇತ.

ಅವನು ನಾಲ್ಕೂ ಕಾಲು ಒಳಗಿಟ್ಟು ಮಲಗಿದ ದಿನ ಎಷ್ಟು ರಾತ್ರಿಯಾಗಿದ್ದರೂ ಫೋನ್ ಮಾಡಿ.

ಇಂತಿ ನಿಮ್ಮ ಪ್ರೀತಿಯ ಮಗಳು