ಯೂ ಬೋಲ್ಟ್ ಬಿಗಿಯುವ ಮೊದಲು ಟೇಪ್ ಹಿಡಿಯಿರಿ

ಮಾನ್ಯ ಸಂಪಾದಕರೇ,

ನಾನು ನಿಟ್ಟೂರು ಕಡೆಯಿಂದ ಕೊಡಚಾದ್ರಿಗೆ ಜೀಪು ಓಡಿಸುವವನು. ಗಾಡಿ ಹಳೇ ಮಹೀಂದ್ರ ಎಂಎಂ 540. ಆ ರಸ್ತೆ ನೋಡಿದವರಿಗೆ ಗೊತ್ತು, ಅಲ್ಲಿ ಎಂಜಿನ್‌ಗಿಂತ ಮೊದಲು ಗಾಡಿಯ ಭಾರ ಹೊರುವ ಸ್ಪ್ರಿಂಗ್ ಪ್ಲೇಟ್ ಕೈಕೊಡುತ್ತದೆ. ಮಳೆ ಮುಗಿಯುತ್ತಿದ್ದಂತೆ ನಮ್ಮ ಕಡೆಯ ಜೀಪುಗಳೆಲ್ಲ ಪ್ಲೇಟ್ ಸೆಟ್, ಅದರ ತುದಿಯ ರಬ್ಬರ್ ಬುಷ್ ಬದಲಿಸಲು ಗ್ಯಾರೇಜಿನ ಮುಂದೆ ಸಾಲು ನಿಲ್ಲುತ್ತವೆ. ಅದಕ್ಕೇ ಈಗ ಬರೆಯುತ್ತಿದ್ದೇನೆ.

ಹೋದ ವರ್ಷ ಹಿಂದಿನ ಎರಡೂ ಪ್ಲೇಟ್ ಸೆಟ್ ಹೊಸದು ಹಾಕಿಸಿದೆ. ಪೇಟೆಯ ಒಂದು ಗ್ಯಾರೇಜಿನಲ್ಲಿ, ಹೆಸರು ಬೇಡ. ಬೆಳಿಗ್ಗೆ ಬಿಟ್ಟೆ, ಊಟದ ಹೊತ್ತಿಗೆ ಗಾಡಿ ರೆಡಿ. ಬರುವಾಗ ನೋಡಿದರೆ ಸ್ಟೇರಿಂಗ್ ಚೂರು ಬಲಕ್ಕೆ ಹಿಡಿದರೆ ಮಾತ್ರ ನೇರ ಹೋಗುತ್ತಿದೆ. ಫೋನ್ ಮಾಡಿದೆ. "ಅಲೈನ್‌ಮೆಂಟ್ ಮಾಡಿಸಿ ಅಣ್ಣಾ, ಸರಿಹೋಗುತ್ತೆ" ಅಂದರು. ಮಾಡಿಸಿದೆ. ಸ್ಟೇರಿಂಗ್ ನೇರಕ್ಕೆ ಬಂತು, ರೋಗ ಹಾಗೇ ಉಳಿಯಿತು. ಅಲ್ಲಿ ಸರಿಮಾಡುವುದು ಮುಂದಿನ ಗಾಲಿಗಳನ್ನು ಜೋಡಿಸುವ ಟೈ ರಾಡ್ ಮಾತ್ರ. ಹಿಂದಿನ ಎರಡೂ ಗಾಲಿ ಹೊತ್ತ ಆಕ್ಸಲ್ ಓರೆಯಾಗಿ ಕೂತಿದ್ದರೆ ಅಲೈನ್‌ಮೆಂಟಿನ ಕಂಪ್ಯೂಟರ್ ಏನು ಮಾಡೀತು?

ಮಳೆ ಬಿದ್ದ ಮರುದಿನ ಅಂಗಳದಿಂದ ಗಾಡಿ ಹೊರಗೆ ತೆಗೆದೆ. ಹಿಂದೆ ನಿಂತಿದ್ದ ಅಣ್ಣನ ಮಗ, "ಚಿಕ್ಕಪ್ಪ, ನಿಮ್ಮ ಜೀಪು ಏಡಿ ತರ ಹೋಗ್ತದೆ" ಅಂದ. ಇಳಿದು ನೋಡಿದರೆ ಹಸಿ ಮಣ್ಣಿನಲ್ಲಿ ಎರಡೆರಡು ಅಚ್ಚು. ನೇರ ಹೋಗುವಾಗ ಹಿಂದಿನ ಟೈರು ಮುಂದಿನದರ ಅಚ್ಚಿನ ಮೇಲೇ ಬೀಳಬೇಕು ಅಲ್ವಾ? ಇಲ್ಲಿ ಎರಡೂ ಕಡೆ ಹೆಬ್ಬೆರಳಿನ ಅಗಲದಷ್ಟು ಬಲಕ್ಕೆ ಸರಿದಿತ್ತು.

ಸ್ಟೇರಿಂಗ್ ನೇರ ಇಟ್ಟು, ಬಡಗಿಯ ಟೇಪ್ ತಂದು, ಮುಂದಿನ ಗಾಲಿಯ ನಡುವಿನಿಂದ ಹಿಂದಿನ ಗಾಲಿಯ ನಡುವಿಗೆ ಅಳೆದೆವು. ಬಲಗಡೆ 91 ಇಂಚು. ಈ ಗಾಡಿಗೆ ಇರಬೇಕಾದದ್ದೂ ಅಷ್ಟೇ. ಎಡಗಡೆ ಅರ್ಧ ಇಂಚು ಕಡಿಮೆ.

ಜಾಕ್ ಕೊಟ್ಟು, ಪ್ಲೇಟನ್ನು ಆಕ್ಸಲಿಗೆ ಬಿಗಿದು ಹಿಡಿಯುವ ಎಡಗಡೆಯ ಯೂ ಬೋಲ್ಟ್ ಬಿಚ್ಚಿದೆವು. ಪ್ಲೇಟುಗಳನ್ನೆಲ್ಲ ಒಟ್ಟಿಗೆ ಹಿಡಿದಿರುವ ಸೆಂಟರ್ ಬೋಲ್ಟ್ ಇರುತ್ತದಲ್ಲ, ಅದರ ತಲೆ ಆಕ್ಸಲಿನ ತೂತಿನೊಳಗೆ ಕೂರಬೇಕು. ನನ್ನದರಲ್ಲಿ ತೂತಿನ ಪಕ್ಕ ಕೂತು, ಸುತ್ತಿಗೆ ಪೆಟ್ಟು ತಿಂದ ಅಡಿಕೆಯ ಹಾಗೆ ಒಂದು ಬದಿ ಚಪ್ಪಟೆಯಾಗಿತ್ತು. ಆಕ್ಸಲಿನ ಮೇಲೂ ಅದು ಉಜ್ಜಿದ ಗುರುತು ಬೆಳ್ಳಗೆ ಹೊಳೆಯುತ್ತಿತ್ತು. ಗಾಳಿ ಗನ್ನಿನಲ್ಲಿ ಟರ್ರ್ ಅಂತ ಬಿಗಿದರೆ ಇದೆಲ್ಲ ಕೈಗೆ ಗೊತ್ತಾಗುವುದಿಲ್ಲ. ನಾಲ್ಕು ನಟ್ಟನ್ನೂ ಕೈ ಸ್ಪ್ಯಾನರಿನಲ್ಲಿ ಸ್ವಲ್ಪ ಸ್ವಲ್ಪವೇ, ಮೂಲೆಯಿಂದ ಮೂಲೆಗೆ ಬಿಗಿಯುತ್ತಾ ಬಂದಿದ್ದರೆ ಪ್ಲೇಟ್ ಎತ್ತರ ನಿಂತದ್ದು ಕಣ್ಣಿಗೇ ಬೀಳುತ್ತಿತ್ತು.

ಬುಷ್‌ಗಳದ್ದು ಇನ್ನೊಂದು ಕತೆ. ಜಾಕ್ ಮೇಲೆ ಆಕ್ಸಲ್ ನೇತಾಡುತ್ತಿರುವಾಗಲೇ, ಪ್ಲೇಟಿನ ತುದಿಯನ್ನು ಗಾಡಿಗೆ ಜೋಡಿಸುವ ಶ್ಯಾಕಲ್ ಬೋಲ್ಟ್ ಪೂರ್ತಿ ಬಿಗಿದಿದ್ದರು. ಆಗ ರಬ್ಬರ್ ಹಾಗೇ ಕಚ್ಚಿಕೊಳ್ಳುತ್ತದೆ. ಗಾಡಿ ಕೆಳಗಿಳಿಸಿದರೆ ಪ್ಲೇಟ್ ಚಪ್ಪಟೆಯಾಗುತ್ತದೆ, ರಬ್ಬರ್ ತಿರುಚಿಕೊಳ್ಳುತ್ತದೆ. ಜನ ಕೂತರೆ ಇನ್ನೂ ಜಾಸ್ತಿ. ಹಿಂಡಿದ ಬಟ್ಟೆಯನ್ನು ಬಿಡದೆ ಹಿಡಿದುಕೊಂಡೇ ಇದ್ದ ಹಾಗೆ. ನನ್ನ ಬುಷ್ ಎರಡೇ ತಿಂಗಳಿಗೆ ಹರಿದವು. ಬೋಲ್ಟನ್ನು ಸಡಿಲ ಬಿಟ್ಟು, ಗಾಡಿಯನ್ನು ನೆಲಕ್ಕೆ ಇಳಿಸಿ, ನಾಲ್ಕು ಸಲ ಕುಲುಕಿ, ಆಮೇಲೆ ಬಿಗಿಯಬೇಕು. ಇಷ್ಟಕ್ಕೆ ಹತ್ತು ನಿಮಿಷವೂ ಬೇಡ.

ಈಗ ಹೊಸ ಹುಡುಗರು ಥಾರ್, ಜಿಮ್ನಿ ತಂದು ಎರಡು ಇಂಚು ಎತ್ತರ ಮಾಡಿಸುತ್ತಾರೆ. ಶೋಕಿಗೆ ನಾನು ಬೇಡ ಅನ್ನಲಾರೆ, ನಾನೂ ಹುಡುಗನಾಗಿದ್ದೆ. ಆದರೆ ಜಿಮ್ನಿಯಲ್ಲಿ ಆಕ್ಸಲ್ ಎಡಬಲಕ್ಕೆ ಓಡದಂತೆ ಒಂದು ಅಡ್ಡ ರಾಡ್ ಹಿಡಿದಿರುತ್ತದೆ, ಪ್ಯಾನ್‌ಹಾರ್ಡ್ ರಾಡ್ ಅಂತ. ಬಾಡಿ ಮೇಲೆ ಹೋದಂತೆ ಅದು ಓರೆಯಾಗಿ, ಆಕ್ಸಲನ್ನು ಒಂದು ಪಕ್ಕಕ್ಕೆ ಎಳೆಯುತ್ತದೆ. ಸುಮ್ನೆ ಸ್ಪ್ರಿಂಗ್ ಬದಲಿಸಿ ಕಳಿಸಿದರೆ ಒಂದು ಕಡೆ ಟೈರು ಹೊರಗೆ, ಇನ್ನೊಂದು ಕಡೆ ಒಳಗೆ. ಉದ್ದ ಹೊಂದಿಸಲು ಬರುವ ರಾಡ್ ಹಾಕಿ ಮತ್ತೆ ನಡುವಿಗೆ ತರಬೇಕು.

ಗ್ಯಾರೇಜ್ ನಡೆಸುವವರಲ್ಲಿ ನನ್ನದು ಒಂದೇ ಕೋರಿಕೆ. ಪ್ಲೇಟ್ ಕೆಲಸ ಮುಗಿದ ಮೇಲೆ ಬಿಲ್ಲಿನ ಮೂಲೆಯಲ್ಲಿ ನಾಲ್ಕು ಅಳತೆ ಬರೆದುಕೊಡಿ. ಎಡಗಡೆ ಗಾಲಿಯಿಂದ ಗಾಲಿಗೆ, ಬಲಗಡೆ ಗಾಲಿಯಿಂದ ಗಾಲಿಗೆ, ಆಮೇಲೆ ಮೂಲೆಯಿಂದ ಮೂಲೆಗೆ ಎರಡು. ನಾಲ್ಕು ಟ್ರಿಪ್ ಆದ ಮೇಲೆ ಯೂ ಬೋಲ್ಟ್ ಇನ್ನೊಮ್ಮೆ ಬಿಗಿಸಿಕೊಳ್ಳಲು ಬನ್ನಿ ಅಂತ ಬಾಯಲ್ಲಾದರೂ ಹೇಳಿ. ಇದಕ್ಕೆ ನೂರು ರೂಪಾಯಿ ಜಾಸ್ತಿ ಕೇಳಿದರೂ ಕೊಡುತ್ತೇವೆ. ಕೆಲಸ ಮಾಡುವ ಹುಡುಗರ ಮೇಲೆ ನನಗೆ ಸಿಟ್ಟಿಲ್ಲ, ಅವರಿಗೆ ಇನ್ನೂ ಮೂರು ಗಾಡಿ ಕಾಯುತ್ತಿರುತ್ತವೆ. ನಾನು ಚಪ್ಪಟೆಯಾದ ಆ ಬೋಲ್ಟ್ ಹಿಡಿದುಕೊಂಡು ಅದೇ ಗ್ಯಾರೇಜಿಗೆ ಹೋಗಿ, ಅಳೆದು ತೋರಿಸುತ್ತೇನೆ, ಒಂದು ಟೇಪ್ ಕೊಡಿ ಅಂದೆ. ಇಡೀ ಗ್ಯಾರೇಜು ಹುಡುಕಿದರೂ ಒಂದು ಟೇಪ್ ಸಿಗಲಿಲ್ಲ.

— ಒಬ್ಬ ಜೀಪು ಚಾಲಕ, ಹೊಸನಗರ ತಾಲ್ಲೂಕು