ಕಂಟ್ರೋಲ್-ಓ ಸರಿಮಾಡಿಕೊಟ್ಟವರಿಗೆ ಧನ್ಯವಾದ

ಮೈಸೂರಿನ ಕುವೆಂಪುನಗರದಲ್ಲಿ ನಮ್ಮ ಕನ್ನಡ ಎಡಿಟರ್‌ನ ಪೈಥಾನ್ ಕೋಡ್ ಕೂತು ನೋಡಿಕೊಟ್ಟು, ಹೆಸರೂ ಹೇಳದೆ ಹೊರಟ ಗೆಳೆಯರಿಗೆ ಮನಸಾರೆ ವಂದನೆ.

ಕಂಟ್ರೋಲ್-ಓ ಒತ್ತಿದರೆ ಫೈಲ್ ತೆರೆಯುವ ಕಿಟಕಿಯ ಜೊತೆಗೆ ಬರಹದಲ್ಲೊಂದು ಖಾಲಿ ಸಾಲೂ ಸೇರುತ್ತಿತ್ತು. ಟಿಕಿಂಟರ್ (ಪೈಥಾನ್‌ನಲ್ಲಿ ಕಿಟಕಿ, ಬಟನ್‌ಗಳನ್ನು ಕಟ್ಟುವ ಲೈಬ್ರರಿ) ಬೈಂಡಿಂಗ್‌ಗಳನ್ನು, ಅಂದರೆ ಕೀಗೆ ಕಟ್ಟಿದ ಕೆಲಸಗಳನ್ನು, ಓಡಿಸುವುದು ಸರದಿಯಲ್ಲಿ: ಮೊದಲು ವಿಜೆಟ್ (ಬರಹದ ಪೆಟ್ಟಿಗೆಯಂಥ ಪರದೆಯ ಭಾಗ), ಆಮೇಲೆ ಅದರ ಕ್ಲಾಸ್ (ಆ ಬಗೆಯ ವಿಜೆಟ್‌ಗಳಿಗೆಲ್ಲ ಸೇರಿದ್ದು), ನಂತರ ವಿಂಡೋ, ಕೊನೆಗೆ ಆಲ್ (ಎಲ್ಲಕ್ಕೂ ಸೇರಿದ್ದು). ಟೆಕ್ಸ್ಟ್ ಕ್ಲಾಸ್‌ನಲ್ಲಿ ಕಂಟ್ರೋಲ್-ಓ ಎಂದರೆ ಹೊಸ ಸಾಲು. ವಿಂಡೋಗೆ ನಾವು ಕಟ್ಟಿದ್ದ ಕಾಲ್‌ಬ್ಯಾಕ್‌ನ (ಕೀ ಒತ್ತಿದಾಗ ಓಡುವ ಫಂಕ್ಷನ್) ಸರದಿ ಬರುವಷ್ಟರಲ್ಲಿ ಸಾಲು ಬಿದ್ದಾಗಿರುತ್ತದೆ. ಟೆಕ್ಸ್ಟ್ ವಿಜೆಟ್‌ಗೇ ಬೈಂಡ್ ಮಾಡಿ, ಕಾಲ್‌ಬ್ಯಾಕ್‌ನಿಂದ 'ಬ್ರೇಕ್' ಎಂಬ ಸ್ಟ್ರಿಂಗ್ ರಿಟರ್ನ್ ಮಾಡಿಸಿದರು; ಅದು ಬಂದರೆ ಸರದಿ ಅಲ್ಲಿಗೇ ನಿಲ್ಲುತ್ತದೆ. ಇಷ್ಟು ಸ್ಪಷ್ಟವಾಗಿ ಯಾರೂ ವಿವರಿಸಿರಲಿಲ್ಲ.

ಕಾಲ್‌ಬ್ಯಾಕ್ ಬದಲಿಸಲು ಅದೇ ಕೀಗೆ ಮತ್ತೆ ಬೈಂಡ್ ಮಾಡಿದರೆ ಸಾಕು, ಹಳೆಯದು ಹೋಗುತ್ತದೆ. ಬೈಂಡ್‌ನ 'ಆಡ್' ಆಯ್ಕೆಗೆ ಪ್ಲಸ್ ಚಿಹ್ನೆ ಕೊಟ್ಟರೆ ಮಾತ್ರ ಎರಡೂ ಓಡುತ್ತವೆ. ಕ್ಯಾಪ್ಸ್ ಲಾಕ್ ಹಾಕಿದ್ದರೆ ಬರುವುದು ದೊಡ್ಡಕ್ಷರದ ಓ, ಅದಕ್ಕೆ ಬೇರೆಯೇ ಬೈಂಡಿಂಗ್ ಬೇಕು.