ಎರಡು ದಿನದ ಗುಂಯ್

ಪುಟ್ಟಾ,

ನಿನ್ನ ಪತ್ರ ಬಂತು. ಮೂರು ರೈಫಲ್‌ಗೂ ಒಂದೇ ಸಪ್ರೆಸರ್ (ನಳಿಗೆಯ ಬಾಯಿಗೆ ಹಾಕಿ ಸದ್ದು ತಗ್ಗಿಸುವ ಡಬ್ಬಿ) ಸಾಕಾ ಅಂತ ಎರಡು ಪುಟ ಬರೆದಿದ್ದೀಯ. ಸಹಿಗೆ ಮುಂಚೆ ಒಂದು ಸಾಲು. 'ಮೊನ್ನೆ ರೇಂಜ್‌ನಿಂದ ಬಂದ ಮೇಲೆ ಎರಡು ದಿನ ಎಡಗಿವಿಯಲ್ಲಿ ಗುಂಯ್ ಅಂತಿತ್ತು, ಈಗ ಹೋಗಿದೆ. ಸಪ್ರೆಸರ್ ಬಂದ್ರೆ ಕಿವಿಗೆ ಏನೂ ಹಾಕ್ಕೊಳ್ಳೋ ತಾಪತ್ರಯ ಇರಲ್ಲ ಅಲ್ವಾ ದೊಡ್ಡಪ್ಪ?' ಆ ಎರಡು ಪುಟ ಒಂದು ಸಲ ಓದಿದೆ. ಈ ಸಾಲನ್ನ ಎಷ್ಟು ಸಲ ಓದಿದೆನೋ.

ಪರವಾನಗಿ, ಕಾನೂನು ಎಲ್ಲ ನೋಡಿಕೊಂಡಿದ್ದೀಯ, ಅದನ್ನು ಬಿಡುತ್ತೇನೆ. ನಾನು ಶೂಟಿಂಗ್ ಬಿಟ್ಟ ವರ್ಷದ ಕಥೆ ನಿಮಗೆಲ್ಲ ಗೊತ್ತು, ಅದೂ ಬೇಡ.

ಕೇಳಿದ್ದಕ್ಕೆ ಮೊದಲು ಹೇಳಿಬಿಡುತ್ತೇನೆ, ಇಲ್ಲಾಂದ್ರೆ ಮರೆಯುತ್ತೇನೆ. ನಿನ್ನ ಹತ್ತಿರ ಇರುವುದು .223, 6.5 ಕ್ರೀಡ್‌ಮೋರ್, .308, ಮೂರು ಬೇರೆ ಬೇರೆ ಅಳತೆಯ ಗುಂಡಿನ ರೈಫಲ್. ಒಂದೇ ಕೊಳ್ಳುವುದಾದರೆ ದೊಡ್ಡದಕ್ಕೆ ಕೊಳ್ಳು, .308ಕ್ಕೆ. .223ರ ಗುಂಡು 5.7 ಮಿಲಿಮೀಟರ್ ದಪ್ಪ, .308ರದ್ದು 7.8. ದೊಡ್ಡ ತೂತಿನಲ್ಲಿ ಚಿಕ್ಕ ಗುಂಡು ಆರಾಮಾಗಿ ಹೋಗುತ್ತದೆ. ಸುತ್ತ ಉಳಿದ ಸಂದಿಯಿಂದ ಗ್ಯಾಸ್ ಬೇಗ ನುಗ್ಗುವುದರಿಂದ ಸದ್ದು ಸ್ವಲ್ಪ ಜಾಸ್ತಿ ಬರುತ್ತದೆ, ಅಷ್ಟೇ ನಷ್ಟ. ಉಲ್ಟಾ ಮಾತ್ರ ಯಾವತ್ತೂ ಬೇಡ.

ಆ 'ಸ್ವಲ್ಪ ಜಾಸ್ತಿ' ಅಂತ ಬರೆಯುವಾಗಲೇ ಕೈ ನಿಂತಿತು. ಯಾಕೆ ಅಂದರೆ ನೀನು ಕಿವಿಗೆ ಏನೂ ಹಾಕುವುದಿಲ್ಲ ಅಂತ ಹೊರಟಿದ್ದೀಯ.

ನಮ್ಮ ಕಾಲದಲ್ಲಿ ಅದನ್ನು ಸೈಲೆನ್ಸರ್ ಅನ್ನುತ್ತಿದ್ದೆವು. ಆ ಹೆಸರೇ ಮೋಸ. ಬರಿಯ ರೈಫಲ್ ಸದ್ದು 160 ಡೆಸಿಬಲ್ ಆಸುಪಾಸು. ಒಳ್ಳೆ ಸಪ್ರೆಸರ್ 25-30 ಕಳೆಯುತ್ತದೆ. ಉಳಿಯುವುದು 130ರ ಮೇಲೆ. ಒಂದೇ ಏಟಿಗೆ ಕಿವಿ ಕೆಡುವ ಗಡಿ 140 ಅನ್ನುತ್ತಾರೆ. ಗಡಿಯ ಈಚೆಗೆ ಇದ್ದೀನಿ ಅಂತ ನಲವತ್ತು ಸುತ್ತು ಹೊಡೆದರೆ ಕಿವಿ ಸುಮ್ನೆ ಇರುತ್ತಾ? ಜತೆಗೆ ಗುಂಡು ಶಬ್ದಕ್ಕಿಂತ ವೇಗವಾಗಿ ಹೋಗುವಾಗ ಚಟೀರ್ ಅನ್ನುತ್ತದಲ್ಲ, ಅದನ್ನು ಯಾವ ಡಬ್ಬಿಯೂ ತಡೆಯುವುದಿಲ್ಲ. ಅದು ನಳಿಗೆಯ ಬಾಯಲ್ಲಿ ಹುಟ್ಟುವ ಸದ್ದಲ್ಲ, ಗುಂಡಿನ ಜತೆಗೇ ಹೋಗುವ ಸದ್ದು.

ನಿನ್ನ .223 ಸೆಮಿ ಆಟೋಮ್ಯಾಟಿಕ್, ಅಂದರೆ ಹೊಡೆದ ಮೇಲೆ ಮುಂದಿನ ಗುಂಡನ್ನು ತಾನೇ ತುಂಬಿಕೊಳ್ಳುವಂಥದ್ದು, ಅಲ್ವಾ? ಹಾಗಾದರೆ ಇನ್ನೊಂದು. ಸಪ್ರೆಸರ್ ತಡೆದ ಗ್ಯಾಸ್‌ನಲ್ಲಿ ಒಂದು ಪಾಲು ಹಿಂದಕ್ಕೇ ಬರುತ್ತದೆ, ಖಾಲಿ ಕೇಸ್ ಹಾರುವ ಕಿಂಡಿಯಿಂದ. ಆ ಕಿಂಡಿ ಇರುವುದು ನಿನ್ನ ಕೆನ್ನೆಯ ಪಕ್ಕ. ನಳಿಗೆಯ ಬಾಯಲ್ಲಿ ಅಳೆದ ಅಂಕಿ ಕಿವಿಯ ಹತ್ತಿರ ಅಳೆದದ್ದಲ್ಲ. ಕಿವಿಯ ಹತ್ತಿರದ್ದು ಎಷ್ಟು ಅಂತ ಕೇಳಿ ತಗೋ.

ಎರಡು ದಿನದ ಮೇಲೆ ಹೋಯಿತು ಅಂತ ಬರೆದಿದ್ದೀಯ. ನನಗೂ ಹೋಗುತ್ತಿತ್ತು. ಮೊದಲು ಸಂಜೆಗೆ ಹೋಗುತ್ತಿತ್ತು, ಆಮೇಲೆ ಮಾರನೇ ದಿನಕ್ಕೆ, ಆಮೇಲೆ ವಾರಕ್ಕೆ. ಒಂದು ಸಲ ಹೋಗಲೇ ಇಲ್ಲ. ಈಗ ಮಳೆ ಬಿಟ್ಟ ರಾತ್ರಿ ಎಲ್ಲರೂ ಜೀರುಂಡೆ ಸದ್ದು ಅನ್ನುತ್ತಾರೆ. ಹೊರಗಿನ ಜೀರುಂಡೆ ನನಗೆ ಕೇಳಿಸುವುದಿಲ್ಲ, ತಲೆಯೊಳಗಿನದ್ದು ನಿಲ್ಲುವುದಿಲ್ಲ. ಕೈಗಡಿಯಾರವನ್ನು ಬಲಗಿವಿಗೆ ಹಿಡಿದರೆ ಟಿಕ್ ಟಿಕ್ ಅನ್ನುತ್ತದೆ, ಎಡಕ್ಕೆ ಹಿಡಿದರೆ ಗಡಿಯಾರ ನಿಂತೇಹೋಗಿದೆ. ಬಲಭುಜಕ್ಕೆ ರೈಫಲ್ ಕೊಟ್ಟವರಿಗೆ ಎಡಗಿವಿಯೇ ಮೊದಲು ಹೋಗುವುದು. ಅದು ನಳಿಗೆಯ ಕಡೆಗೆ ತಿರುಗಿರುತ್ತದೆ, ಬಲಗಿವಿಗೆ ತಲೆಯ ಮರೆ ಇರುತ್ತದೆ. ನೀನೂ ಎಡಗಿವಿ ಅಂತಲೇ ಬರೆದಿದ್ದೀಯ, ನೋಡು.

ನಿನ್ನಪ್ಪ ಫೋನನ್ನು ಬಲಗಿವಿಗೇ ಇಡುವುದು ಮನೆಯಲ್ಲಿ ಎಲ್ಲರಿಗೂ ಗೊತ್ತು. ಯಾಕೆ ಅಂತ ಅವನು ನಿನಗೆ ಹೇಳಿರಲಿಕ್ಕಿಲ್ಲ. ಅವನಿಗೆ ಆಗ ಹದಿನಾರು. ಮೇಲೆ ತಗಡಿನ ಸೂರು, ನಾನು ಮಲಗಿ ಹೊಡೆಯುತ್ತಿದ್ದೆ, ಅವನು ನನ್ನ ಬಲಕ್ಕೆ ಕೂತು ದುರ್ಬೀನಿನಲ್ಲಿ ಗುರಿ ನೋಡಿ ಹೇಳುತ್ತಿದ್ದ. ಹತ್ತಿ ಇದ್ದದ್ದು ಒಬ್ಬರಿಗೆ ಆಗುವಷ್ಟು. ನಾನು ತುರುಕಿಕೊಂಡೆ. 'ಎರಡೇ ಸುತ್ತು ಕಣೋ, ಬೆರಳಿಟ್ಕೋ' ಅಂದೆ. ದುರ್ಬೀನು ಹಿಡಿಯಲು ಎರಡೂ ಕೈ ಬೇಕು ಅಂತ ನನಗೆ ಹೊಳೆಯಲಿಲ್ಲ. ಎರಡು ಸುತ್ತು ಇಪ್ಪತ್ತಾಯಿತು. ಅವನು ಇವತ್ತಿನವರೆಗೂ ಆ ಮಾತು ಎತ್ತಿಲ್ಲ. ಎತ್ತಿ ಬೈದಿದ್ದರೆ ಚೆನ್ನಾಗಿತ್ತು.

ಇದನ್ನು ಹೇಳುತ್ತಾ ಥ್ರೆಡ್ ವಿಷಯ ಬಿಟ್ಟೆ, ಸಪ್ರೆಸರ್ ತಿರುಗಿಸಿ ಕೂರಿಸಲು ನಳಿಗೆಯ ಬಾಯಲ್ಲಿರುವ ತಿರುಪಿನ ಗೆರೆ. ಸಾಮಾನ್ಯವಾಗಿ .223ರ ನಳಿಗೆಗೆ ಅರ್ಧ ಇಂಚು ದಪ್ಪ, ಇಂಚಿಗೆ 28 ಥ್ರೆಡ್; .308ಕ್ಕೆ 5/8 ಇಂಚು ದಪ್ಪ, ಇಂಚಿಗೆ 24 ಥ್ರೆಡ್. ಡಬ್ಬಿ ಹಿಡಿದುಕೊಳ್ಳುವ ಮೌಂಟ್ ಮೂರಕ್ಕೂ ಒಂದೇ ತರಹದ್ದು ಹಾಕಿಸು. ಥ್ರೆಡ್ ಕೂತಿತು ಅಂದಮಾತ್ರಕ್ಕೆ ಗುಂಡು ದಾಟುತ್ತೆ ಅಂತಲ್ಲ. ಎಷ್ಟೋ 9 ಮಿಲಿಮೀಟರ್ ಪಿಸ್ತೂಲಿನ ನಳಿಗೆಗೂ ಇದೇ ಅರ್ಧ ಇಂಚಿನ ಥ್ರೆಡ್ ಇರುತ್ತದೆ. .223ರ ಡಬ್ಬಿ ಅದಕ್ಕೆ ಸಲೀಸಾಗಿ ಕೂರುತ್ತದೆ, ಗುಂಡು ಒಳಗಿನ ತಡೆಗಳಿಗೆ ಬಡಿಯುತ್ತದೆ. ಮೊದಲ ಸಲ ಹಾಕಿದಾಗ ರೈಫಲ್ ಖಾಲಿ ಇದೆ ಅಂತ ಎರಡು ಸಲ ನೋಡಿ, ನೆಟ್ಟಗಿನ ಅಲೈನ್‌ಮೆಂಟ್ ರಾಡ್ ತೂರಿಸಿ ನಡುವೆ ಬರುತ್ತಾ ನೋಡು. ನಾನು ಇಂಥದ್ದನ್ನೆಲ್ಲ ಕಣ್ಣಳತೆಯಲ್ಲೇ ಮಾಡಿದವನು, ನಿನಗೆ ಹೇಳಲು ನಾಚಿಕೆ.

ತೂತಿನ ಅಳತೆಯೊಂದೇ ನೋಡಿದರೆ ಸಾಲದು. .300 ವಿಂಚೆಸ್ಟರ್ ಮ್ಯಾಗ್ನಮ್ ಗುಂಡಿನ ದಪ್ಪ .308ರಷ್ಟೇ, ಮದ್ದು ಬಹಳ ಜಾಸ್ತಿ. ಮುಂದೆ ಅದನ್ನೂ ಕೊಳ್ಳುವ ಆಸೆ ಇದ್ದರೆ ತಯಾರಕರ ಪಟ್ಟಿಯಲ್ಲಿ ಅದರ ಹೆಸರಿದೆಯಾ, ನಳಿಗೆ ಕನಿಷ್ಠ ಎಷ್ಟು ಉದ್ದ ಇರಬೇಕು ಅಂತ ನೋಡಿಕೋ. ಟೈಟೇನಿಯಮ್ ಹಗುರ, ಆದರೆ ಗಿಡ್ಡ ನಳಿಗೆಯಲ್ಲಿ ಸತತ ಹೊಡೆದರೆ ಬೇಗ ಸವೆಯುತ್ತದೆ. ಹಾಕಿದ ಮೇಲೆ ಗುರಿ ಬೀಳುವ ಜಾಗ ಸ್ವಲ್ಪ ಸರಿಯುತ್ತದೆ, ಮೂರಕ್ಕೂ ಬೇರೆ ಬೇರೆ ಜೀರೋ, ಅಂದರೆ ಗುರಿ ಸರಿಯಾಗಿ ಕೂತ ಹೊಂದಾಣಿಕೆ, ಬರೆದಿಟ್ಟುಕೋ.

ಸಪ್ರೆಸರನ್ನು ಮೊದಲು ಮಾರಿ ಗೆದ್ದವನು ಹೈರಮ್ ಪರ್ಸಿ ಮ್ಯಾಕ್ಸಿಮ್, 1909ರಲ್ಲಿ ಪೇಟೆಂಟ್ ಆಯಿತು. ಅವನಪ್ಪ ಮ್ಯಾಕ್ಸಿಮ್ ಮೆಷಿನ್‌ಗನ್ ಮಾಡಿದವನು, ಬಂದೂಕಿನ ಸದ್ದು ಕೇಳಿ ಕೇಳಿಯೇ ಕಿವುಡನಾದ. ನಮ್ಮ ಮನೆಯಲ್ಲಿ ಒಂದು ತಲೆಮಾರು ಮುಗಿಸಿ ಆಯಿತು, ನಿನ್ನದು ಬಾಕಿ.

ಕೊಳ್ಳಬೇಡ ಅನ್ನುತ್ತಿಲ್ಲ. ಕೊಳ್ಳು, ಆದರೆ ಕಿವಿಯೊಳಗೆ ಪ್ಲಗ್, ಅದರ ಮೇಲೆ ಮಫ್ ಹಾಕು. ಪಕ್ಕ ಕೂತವರಿಗೂ ಹಾಕಿಸು, ಅವರ ಕೈ ಖಾಲಿ ಇದೆಯಾ ಅಂತ ನೋಡು. ಗುಂಯ್ ಹೋಯಿತು ಅಂದರೂ ಕಿವಿಯೊಳಗೆ ಸದ್ದು ಹಿಡಿಯುವ, ಸಣ್ಣ ಕೂದಲಿರುವ ಜೀವಕಣಗಳಲ್ಲಿ ಎಷ್ಟು ಸತ್ತವೋ ಯಾರಿಗೆ ಗೊತ್ತು, ಅವು ಮತ್ತೆ ಚಿಗುರುವುದಿಲ್ಲ. ಈ ವಾರವೇ ಕಿವಿ ಪರೀಕ್ಷೆ ಮಾಡಿಸು. ಡಾಕ್ಟರು ಕೊಟ್ಟ ಗ್ರಾಫಿನ ಫೋಟೋ ತೆಗೆದು ಕಳಿಸು, ಎಡಗಿವಿಯದ್ದು ಸರಿಯಾಗಿ ಕಾಣುವ ಹಾಗೆ. ಫೋನ್ ಮಾಡಬೇಡ, ನನಗೆ ಅರ್ಧ ಕೇಳಿಸುವುದಿಲ್ಲ.

ನಿನ್ನ ದೊಡ್ಡಪ್ಪ